ಲಿಂಗಮ್ಮನ ರೂಪಾಯಿಗೆ ಮಾರ್ಕ್ಸು

"ಅಮ್ಮಾ, ಕೈ ಮುಗೀತೀನಿ, ಇದನ್ನ ತೊಳೀಬೇಡಿ. ಹುಣಸೆಹಣ್ಣು ಬೇಡ, ವಿಭೂತಿ ಬೇಡ, ಹಲ್ಲುಪುಡಿ ಬೇಡ, ಸೆರಗಲ್ಲೂ ಒರೆಸ್ಬೇಡಿ. ಈ ಕಪ್ಪು ಕೊಳೆ ಅಲ್ಲ. ನೂರು ವರ್ಷದಲ್ಲಿ ಬೆಳ್ಳಿಗೆ ತಾನಾಗೇ ಬಂದಿರೋ ಬಣ್ಣ. ನಾಣ್ಯಕ್ಕೆ ಮಾರ್ಕ್ಸು ಹಾಕೋ ಗ್ರೇಡಿಂಗ್‌ನೋರು ಭೂತಗನ್ನಡಿ ಹಿಡ್ಕೊಂಡು ಮೊದಲು ನೋಡೋದೇ ಅದನ್ನ. ಉಜ್ಜಿದ್ರೋ, ಟಂಕಸಾಲೆಯಿಂದ ಬಂದ ಹೊಳಪು ಹೋಗತ್ತೆ. ಹೋಗಿದ್ದು ಮತ್ತೆ ಬರಲ್ಲ. ಆಮೇಲೆ ನಾಣ್ಯ ಅಸಲಿ ಅಂತಾರೆ, ನಂಬರ್ ಮಾತ್ರ ಕೊಡಲ್ಲ. ಹೀಗೇ ಕಳಿಸಿ. ನನ್ನ ಲೆಕ್ಕದಲ್ಲಿ ಎಪ್ಪತ್ತಕ್ಕೆ ಅರವತ್ತೆರಡು!"

ರಾಜಾಜಿನಗರದ ನಾಣ್ಯದ ಅಂಗಡಿಯ ವೆಂಕಟಗಿರಿ ಹೇಳಿದ ಇಷ್ಟೂ ಮಾತು ಲಿಂಗಮ್ಮನಿಗೆ ಬಾಯಿಪಾಠವಾಯಿತು. ಎರಡನೇ ಕ್ಲಾಸಿನಲ್ಲೇ ಅವಳ ಕೈಯ ಸ್ಲೇಟು ಕಿತ್ತುಕೊಂಡು ಸೌದೆ ತರಲು ಅಟ್ಟಿದ್ದರು. ಅರವತ್ತೆಂಟು ವರ್ಷ ಬದುಕಿದ್ದಕ್ಕೆ ಯಾರೂ ಒಂದು ಮಾರ್ಕು ಕೊಟ್ಟಿರಲಿಲ್ಲ. ಈಗ ಅವಳವ್ವ ಕೊಟ್ಟಿದ್ದ, ರಾಣಿಯ ತಲೆಯಿದ್ದ ಬೆಳ್ಳಿ ರೂಪಾಯಿ ಪರೀಕ್ಷೆಗೆ ಕೂರಲಿತ್ತು!

"ಮಾರೋ ಮಾತೇ ಇಲ್ಲ," ಎಂದು ಮೂಡಲಪಾಳ್ಯದ ಮನೆಗೆ ಬಂದವಳೇ ಘೋಷಿಸಿದಳು. "ನಂದು ಅಂತ ಒಂದಕ್ಕೆ ನಂಬರ್ ಬರೋದನ್ನ ನೋಡ್ಬೇಕು, ಅಷ್ಟೆ. ರೀ, ಕೊರಿಯರ್‌ಗೆ ಹಾಕ್ಬನ್ನಿ. ತೊಳೀಬಾರ್ದಂತೆ, ನೆನಪಿರ್ಲಿ."

"ನಾನ್ಯಾಕೆ ತೊಳೀಲೇ!" ಎಂದ ಗಂಡ ಕಾಂತರಾಜು.

ಕಾಂತರಾಜು ಎಂದರೆ ಸಾಮಾನ್ಯನೇ? ಕಾಮಾಕ್ಷಿಪಾಳ್ಯದಲ್ಲಿ ನಲವತ್ತು ವರ್ಷ ಲೋಹ ಉಜ್ಜಿ ಹೊಳಪು ಬರಿಸುವ ಬಫಿಂಗ್ ಚಕ್ರದ ಮುಂದೆ ಕೂತ ಮಹಾಪುರುಷ! ತುಕ್ಕು ಹಿಡಿದ ನಲ್ಲಿಯನ್ನೂ ಕನ್ನಡಿ ಮಾಡಿದ ಕೈ! ಕೊರಿಯರ್ ಆಫೀಸು ಅವನು ದುಡಿದ ವರ್ಕ್‌ಶಾಪಿನ ಪಕ್ಕದಲ್ಲೇ ಇದ್ದದ್ದು ಲಿಂಗಮ್ಮನ ಗ್ರಹಚಾರ.

ಎರಡು ತಿಂಗಳಿಗೆ ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲಾಗಿ ರೂಪಾಯಿ ವಾಪಸ್ಸು ಬಂತು. ಸೋಡಾ ಬಾಟಲಿಯ ಮುಚ್ಚಳದಂತೆ ಫಳಫಳ! ಮೊಮ್ಮಗಳು ಕವನಾ ಚೀಟಿ ಓದಿದಳು: "ಅಸಲಿ, ಆದ್ರೆ ಪಾಲಿಶ್ ಮಾಡಿದೆ. ನಂಬರ್ ಇಲ್ಲ ಅಜ್ಜಿ."

ಲಿಂಗಮ್ಮ ಗಂಡನ ಕಡೆ ತಿರುಗಿದಳು. "ಏನ್ರೀ ಮಾಡಿದ್ರಿ?"

"ಒಂದೇ ಒಂದ್ಸಲ ಚಕ್ರಕ್ಕೆ ಕೊಟ್ಟೆ ಕಣೇ. ಪರೀಕ್ಷೆಗೆ ಹೋಗೋ ಮಗೂನ ಮುಸುಡಿ ಕಪ್ಪಗಿಟ್ಟು ಕಳಿಸ್ತಾರಾ?"

"ತೊಳೀಬೇಡಿ ಅಂದಿದ್ನಲ್ಲ!"

"ತೊಳೆದ್ನಾ? ಒಂದು ಹನಿ ನೀರು ಮುಟ್ಟಿಸಿದ್ರೆ ಕೇಳು! ಅದೂ ಅಲ್ದೆ, ಪಾಲಿಶ್ ಆಗಿದೆ ಅಂತ ಅವ್ರಿಗೆ ಹೆಂಗೆ ಗೊತ್ತಾಯ್ತು? ಸುಮ್ನೆ ಬಿಡಲ್ಲ!"

ಫೋನು ಸ್ಪೀಕರಿಗೆ ಬಿತ್ತು. ಗ್ರೇಡಿಂಗ್ ಆಫೀಸಿನ ಹುಡುಗಿ ತಾಳ್ಮೆಯಿಂದ ಹೇಳಿದಳು: "ಸಾರ್, ಇದು ಯಾರೋ ಪಳಗಿದ ಕೈ. ಒಂದು ಗೀರೂ ಇಲ್ಲ. ಅಷ್ಟು ನೀಟಾಗಿ ಮಾಡಿರೋದಕ್ಕೇ ರಾಣಿ ಕೂದಲು, ಕಿರೀಟದ ಕೆತ್ತನೆ ಎಲ್ಲ ಸವೆದುಹೋಗಿದೆ. ಕೆಲಸ ಗೊತ್ತಿಲ್ಲದೋರು ಇಷ್ಟು ಹಾಳು ಮಾಡಲ್ಲ."

ಕಾಂತರಾಜುವಿನ ಮುಖ ರೂಪಾಯಿಗಿಂತ ಹೆಚ್ಚು ಹೊಳೆಯಿತು.

"ಕೇಳಿಸ್ಕೊಂಡ್ಯೇನೇ? ಪಳಗಿದ ಕೈ ಅಂತೆ! ನಲವತ್ತು ವರ್ಷದಲ್ಲಿ ಒಬ್ಬ ಓನರ್ ಬಾಯಲ್ಲಿ ಈ ಮಾತು ಬಂದಿತ್ತಾ!"

ಡಬ್ಬಿಯನ್ನು ಜೇಬಿಗಿಳಿಸಿ, ಎದುರು ಮನೆಯ ಯಲ್ಲಪ್ಪನಿಗೆ ತೋರಿಸಲು ಹೊರಟೇಬಿಟ್ಟ. "ನೋಡಪ್ಪಾ, ನನ್ನ ಕೆಲಸ!" ಎಂಬ ಗಂಟಲು ಬೀದಿಗೆಲ್ಲ ಕೇಳಿಸಿತು.

"ಅಜ್ಜಿ, ಒಂದು ಮಾತಾದ್ರೂ ಬೈಬಾರ್ದಾ?" ಎಂದಳು ಕವನಾ.

"ಏನಂತ ಬೈಲಿ ಮಗಾ? ಪರೀಕ್ಷೆ ಕಟ್ಟಿದ್ದು ನಾನು, ಪಾಸಾದೋರು ಅವ್ರು."

ಹಾಗೆಂದು ಲಿಂಗಮ್ಮ ಮೊರ ಎಳೆದುಕೊಂಡು, ದಂಟಿನ ಸೊಪ್ಪು ಬಿಡಿಸತೊಡಗಿದಳು.