ಮಿದುಳು ಪೂಜೆ

ಕೀಲಿ ತಿರುಗಿಸಿದ್ದೇ ತಡ, ಮುರಳೀಕೃಷ್ಣ ಶಾಸ್ತ್ರಿಗಳ ಕಾರಿನ ಮುಂದಿನ ಫಲಕದಲ್ಲಿ ಒಂದನ್ನು ಬಿಟ್ಟು ಉಳಿದ ಕೆಂಪು, ಹಳದಿ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಮದುವೆ ಛತ್ರದ ಸೀರಿಯಲ್ ಸೆಟ್ಟು ಕರೆಯದೆ ಕಾರೊಳಗೆ ನುಗ್ಗಿದಂತಿತ್ತು. ಸ್ಟೇರಿಂಗು ಕಲ್ಲಾಯಿತು. ಇಂಜಿನ್ ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು.

ಗಂಟೆ ಒಂಬತ್ತು. ಹನ್ನೊಂದೂವರೆಗೆ ಅವರು ಚನ್ನರಾಯಪಟ್ಟಣದ ಹೊಸ ಶೋರೂಮಿನಲ್ಲಿರಬೇಕು. ಅಲ್ಲಿ ಮಾರಾಟವಾಗುವ ಪ್ರತಿ ಕಾರಿಗೂ ಪೂಜೆ ಮಾಡುವ ಖಾಯಂ ಪುರೋಹಿತರನ್ನು ಇಂದು ಗೊತ್ತುಮಾಡುವವರಿದ್ದರು. ಚಕ್ರದಡಿ ನಿಂಬೆಹಣ್ಣು ಇಡುವ ಪುರೋಹಿತರಿಗೆ ಹೊಳೆನರಸೀಪುರದಲ್ಲಿ ಬರವಿಲ್ಲ. ಅದಕ್ಕೇ ಶಾಸ್ತ್ರಿಗಳು ಹೊಸದೊಂದನ್ನು ಕಂಡುಹಿಡಿದಿದ್ದರು: ಮಿದುಳು ಪೂಜೆ. “ಈಗಿನ ಕಾರಿನ ಪ್ರಾಣ ಚಕ್ರದಲ್ಲಿಲ್ಲ, ಕಂಪ್ಯೂಟರಿನಲ್ಲಿದೆ. ಪೂಜೆಯೂ ಅಲ್ಲಿಗೇ ಸಲ್ಲಬೇಕು” ಎಂದಾಗ ಮ್ಯಾನೇಜರ್ ಬಸವೇಶ ಬಿಟ್ಟ ಬಾಯಿ ಮುಚ್ಚಿರಲಿಲ್ಲ. ಮೊನ್ನೆ ಮನೆಯ ಕಾರಿಗೆ ಅಭ್ಯಾಸ, ನಿನ್ನೆ ಶೋರೂಮಿನ ಆರು ಕಾರುಗಳಿಗೆ ಪರೀಕ್ಷೆ. ಎರಡೂ ಸಾಂಗವಾಗಿ ನಡೆದಿದ್ದವು.

“ಯಾರ್ದೋ ಕಣ್ಣು ಬಿದ್ದೈತೆ ಸ್ವಾಮಿ, ಮೆಣಸಿನ್ಕಾಯಿ ನೀವಾಳಿಸ್ಲಾ?” ಎಂದು ಎದುರುಮನೆ ಬೆಟ್ಟಮ್ಮ ಓಡಿಬಂದಳು.

“ತಳ್ಳುದ್ರೆ ಓಯ್ತದೆ ಬುಡಿ!” ಎಂದ ಪಕ್ಕದ ಮನೆಯ ಬೈರಯ್ಯ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿ ಎಂಟು ವರ್ಷವಾಗಿದ್ದರೂ ಅವನ ಗಂಟಲು ಇನ್ನೂ ಡ್ಯೂಟಿಯಲ್ಲಿತ್ತು. “ಒಂದ್ಸಲ ಅರಕಲಗೂಡಿಂದ ಆಸನಕ್ಕೆ ಅರ್ಧ ದಾರಿ ಬಸ್ನೇ ತಳ್ಸಿವ್ನಿ. ರೈಟ್, ರೈಟ್!”

ತಳ್ಳಿದರು. ತಿರುಗದ ಸ್ಟೇರಿಂಗಿನ ಕಾರು ನೆಟ್ಟಗೆ ಹೋಗಿ ಬೆಟ್ಟಮ್ಮನ ಮೂರು ಹೂಕುಂಡಗಳನ್ನು ಮುಕ್ತಿಗೆ ಕಳಿಸಿತು.

ಆಮೇಲೆ ಬಂದವನು ಮೆಕ್ಯಾನಿಕ್ ಪುಟ್ಟರಾಜು. ಹಾಸನದಲ್ಲಿ ಮೂರು ದಿನ ತರಬೇತಿ ಪಡೆದು, ಕಾರಿನ ಕಾಯಿಲೆ ಪತ್ತೆಹಚ್ಚುವ ಸ್ಕ್ಯಾನರ್ ತಂದಿದ್ದ. ಸ್ಟೇರಿಂಗಿನ ಕೆಳಗಿನ ಕಿಂಡಿಗೆ, ಬಗ್ಗಿ ನೋಡದೆ ಅಂದಾಜಿನ ಮೇಲೇ ಅದರ ಪಿನ್ನು ಚುಚ್ಚಿದ.

“ಸ್ವಾಮಿ, ಇದ್ರೊಳ್ಗೆ ಒಂದು ಮಿದುಳಲ್ಲ, ಅದ್ನಾರು ಅವೆ. ಎಲ್ಲಾ ಮಾತಾಡೋದು ಎರಡೇ ತಂತೀಲಿ. ಈಗ ಮಾತು ಬಿಟ್ಬುಟ್ಟವೆ.”

“ಏನಂತೆ ಜಗಳ?” ಎಂದರು ಶಾಸ್ತ್ರಿಗಳು.

ಪುಟ್ಟರಾಜು ಪರದೆ ನೋಡುತ್ತ ಒಂದೊಂದಕ್ಕೂ ಒಂದೊಂದು ದನಿ ಕೊಟ್ಟ. ಇಂಜಿನ್ನಿಗೆ ಯಜಮಾನರ ಗತ್ತು: “ಆ ಗೇರಿನವ್ನು ನನ್ ಫೋನೇ ಎತ್ತಾಕಿಲ್ಲ ಕಣ್ಲಾ!” ಗೇರಿಗೆ ಗುಮಾಸ್ತನ ಮೂಗುದನಿ: “ಬ್ರೇಕಿಂದ ಫೈಲ್ ಬಂದಿಲ್ಲ, ನಾಳೆ ಬನ್ನಿ.” ಬ್ರೇಕಿಗೆ ಅತ್ತೆಯ ಕೀರಲು: “ಸ್ಟೇರಿಂಗಮ್ಮ ನಾನೇಳಿದ್ ಕಡೆ ಯಾವತ್ತು ತಿರುಗವ್ಳೆ?”

ಬೆಟ್ಟಮ್ಮ ನಕ್ಕಳು. ಶಾಸ್ತ್ರಿಗಳು ಗಡಿಯಾರ ನೋಡಿ ಬೆವರಿದರು.

ಒಂದು ತಾಸು ಪುಟ್ಟರಾಜು ಒಂದೊಂದೇ ಮಿದುಳಿನ ಪೆಟ್ಟಿಗೆಯ ವೈರು ಕಿತ್ತು, ಉಳಿದವು ಮಾತಾಡುತ್ತವೆಯೇ ಎಂದು ಕಿವಿಗೊಟ್ಟ. ಸೀಟು ಬೀದಿಗೆ ಬಂತು. ಅದರ ಮೇಲೆ ಬೈರಯ್ಯ ಕೂತ. ಶಾಸ್ತ್ರಿಗಳ ರೇಷ್ಮೆ ಪಂಚೆಗೆ ಗ್ರೀಸಿನ ಹೊಸ ಅಂಚು ಬಂತು. ಅಷ್ಟರಲ್ಲಿ, “ಅಯ್ಯಯ್ಯೋ, ಇರುವೆ!” ಎಂದು ಪುಟ್ಟರಾಜು ಕೈ ಕೊಡವಿದ. ಸಾಲುಗಟ್ಟಿದ ಇರುವೆಗಳು ನೇರ ಸ್ಕ್ಯಾನರ್ ಚುಚ್ಚಿದ್ದ ಕಿಂಡಿಗೆ ಹೋಗುತ್ತಿದ್ದವು. ಟಾರ್ಚು ಬಿಟ್ಟು ನೋಡಿದರೆ ಒಳಗೆ ಹಸಿರು ಕಿಲುಬು, ಅಂಟು, ಒಂದು ಬಾಳೆಹಣ್ಣಿನ ಚೂರು.

ಪುಟ್ಟರಾಜು ಮೂಸಿ ನೋಡಿದ. “ಸ್ವಾಮಿ, ಇಲ್ಲಿಗೆ ಪಂಚಾಮೃತ ಬುಟ್ಟವ್ರು ಯಾರು?”

ಶಾಸ್ತ್ರಿಗಳು ತಾವೂ ಸ್ಟೇರಿಂಗಿನಡಿ ತಲೆ ತೂರಿಸಿ ಪಿಸುಗುಟ್ಟಿದರು: “ಮಿದುಳಿಗೆ ಬೇರೆ ಬಾಯಿ ಕಾಣಲಿಲ್ಲವಯ್ಯಾ. ಮೂರೇ ಉದ್ಧರಣೆ. ಯಾರಿಗೂ ಹೇಳಬೇಡ, ನಿನ್ನ ದಮ್ಮಯ್ಯ!”

ಪುಟ್ಟರಾಜು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಕಿಲುಬು ಬಿಡಿಸುವ ಸ್ಪ್ರೇ ಹೊಡೆದ. ಕಿತ್ತದ್ದನ್ನೆಲ್ಲ ಜೋಡಿಸಿದ. ದೀಪಗಳು ಆರಿದವು, ಇಂಜಿನ್ ಗುನುಗಿತು.

“ಎಂಗ್ ಸರಿಹೋಯ್ತು ಸ್ವಾಮಿ?” ಎಂದಳು ಬೆಟ್ಟಮ್ಮ.

“ಎಲ್ಲಾ ಮಿದುಳು ಪೂಜೆಯ ಫಲ ಬೆಟ್ಟಮ್ಮ,” ಎಂದರು ಶಾಸ್ತ್ರಿಗಳು, ಎದೆಯುಬ್ಬಿಸಿ. “ಸ್ವಲ್ಪ ತಡವಾಗಿ ತಟ್ಟಿತು.”

ಆಗಲೇ ಬಸವೇಶನ ಫೋನು ಬಂತು. “ಸ್ವಾಮಿಗಳೇ, ನಿನ್ನೆ ನೀವು ಪೂಜೆ ಮಾಡಿದ ಆರೂ ಕಾರು ಕಣ್ಣು ಕೆಂಪು ಮಾಡ್ಕೊಂಡು ನಿಂತಿವೆ! ಇಂಜಿನಿಯರಿಗೂ ತಿಳೀತಿಲ್ಲ. ಭಾರೀ ದೃಷ್ಟಿ ತಾಗಿದೆ ಅಂತಾರೆ ನಮ್ ಓನರ್ರು. ಇನ್ನೊಂದ್ಸಲ ಮಿದುಳು ಪೂಜೆ ಆಗ್ಲಿ. ಕಾರು ಎದ್ರೆ ನೀವೇ ಖಾಯಂ. ಹನ್ನೊಂದೂವರೆ ಮೀರಿದ್ರೆ ಮಾತ್ರ ಬಾಗೂರಿನ ಪುರೋಹಿತರಿಗೆ ಹೇಳ್ಬಿಡ್ತೀವಿ.”

ಶಾಸ್ತ್ರಿಗಳ ಮುಖ ಮೊದಲು ಬಾಡಿತು, ಆಮೇಲೆ ನಿಧಾನವಾಗಿ ಅರಳಿತು. ಪುಟ್ಟರಾಜುವಿನಿಂದ ಬ್ರಷ್ಷು, ಸ್ಪ್ರೇ ಡಬ್ಬಿ ಕಸಿದು ಪೂಜೆಯ ಚೀಲಕ್ಕೆ, ಪಂಚಪಾತ್ರೆಯ ಪಕ್ಕಕ್ಕೇ ಸೇರಿಸಿದರು. ಬಾಯಿ ಮಂತ್ರ ಹೇಳುತ್ತಿದ್ದರೆ ಕೈ ಏನು ಮಾಡುತ್ತಿದೆಯೆಂದು ಯಾರು ನೋಡುತ್ತಾರೆ! ಬೇರೆ ಕೆಲಸಕ್ಕೆ ಹೊತ್ತಾಯಿತೆಂದು ಪುಟ್ಟರಾಜು ಬೈಕು ಹತ್ತಿ ಹೊರಟ. ಶಾಸ್ತ್ರಿಗಳು ಇಂಜಿನ್ ಆರಿಸಿ ಪಂಚೆ ಬದಲಿಸಲು ಒಳಗೆ ಹೋದರು.

ಮರಳಿ ಬಂದಾಗ ಕಾರಿನ ಬಾಗಿಲು ತೆರೆದಿತ್ತು. ಪಕ್ಕದಲ್ಲಿ ಬೆಟ್ಟಮ್ಮ ಖಾಲಿ ಚೊಂಬು ಹಿಡಿದು ಧನ್ಯಳಾಗಿ ನಿಂತಿದ್ದಳು.

“ಮೊನ್ನೆ ನೀವು ಮಾಡೋದ ಕಿಟಕೀಲಿ ನೋಡಿದ್ದೆ ಸ್ವಾಮಿ. ದೂರದ ಪಯಣ, ದಾರೀಲಿ ಕೈ ಕೊಡ್ಬಾರ್ದಲ್ಲಾ? ನೀವು ಚಮಚದಲ್ಲಿ ಬುಟ್ರಿ, ಅದ್ಕೇ ತಟ್ಟಾಕೆ ಎಲ್ಡು ದಿನ ಆಯ್ತು. ನಾನು ಒಂದ್ ಚೊಂಬು ಎಳನೀರು ಬಗ್ಗಿಸ್ಬುಟ್ಟೆ!”

ಶಾಸ್ತ್ರಿಗಳು ಕಾರೊಳಗೆ ಕೂತು ಕೀಲಿ ತಿರುಗಿಸಿದರು. ಬೆಳಿಗ್ಗೆ ಹತ್ತದೆ ಉಳಿದಿದ್ದ ಒಂದೇ ಒಂದು ದೀಪವೂ ಈ ಸಲ ಹತ್ತಿಕೊಂಡಿತು.

ಕಾರಿನ ಹಿಂದಿನಿಂದ ಬೈರಯ್ಯನ ದನಿ ಕೇಳಿಸಿತು: “ಪಟ್ನ, ಪಟ್ನ, ಚನ್ರಾಯ್ಪಟ್ನ! ರೈಟ್, ರೈಟ್!”