ಹದಿನಾಲ್ಕನೇ ನಿಮಿಷಕ್ಕೆ ಕಪ್ಪಾಗುವ ಪರದೆ ಮತ್ತು ಫ್ರಿಜ್ಜಿನಲ್ಲಿ ಉಳಿದಿರುವ ಕೇಕಿನ ಕುರಿತು

ದ್ವೀಪಗಳ ಪುರಸಭೆ, ನಕಾಶೆ ವಿಭಾಗ
ಸುತ್ತೋಲೆ ಸಂಖ್ಯೆ: ದ್ವೀಪು/ನಕಾಶೆ/ಗಣಕ/17 (ಐದನೇ ತಿದ್ದುಪಡಿ)
ದಿನಾಂಕ: ಜೂನ್ 7

ವಿಷಯ: ಗ್ರಾಫಿಕ್ಸ್ ಡ್ರೈವರ್ ಬದಲಾದ ನಂತರ ವಿಭಾಗದ ಕಂಪ್ಯೂಟರ್ ಪದೇ ಪದೇ ಕೆಟ್ಟು ನಿಲ್ಲುತ್ತಿರುವ ಬಗ್ಗೆ.

ಉಲ್ಲೇಖ: 1) ಇದೇ ಸಂಖ್ಯೆಯ ಹಿಂದಿನ ನಾಲ್ಕು ತಿದ್ದುಪಡಿಗಳು. 2) ಘಟನಾ ವಹಿ, ಪುಟ 1ರಿಂದ 46. 3) ಫ್ರಿಜ್ಜಿನ ಮಧ್ಯದ ಖಾನೆ.

ಪ್ರಸ್ತಾವನೆ:

ವಿಭಾಗದ ನಕಾಶೆಗಾರ್ತಿ ಸಿಗ್ರಿಡ್ ವೆಸ್ಟಿನ್ ಅವರ ಬಳಿ ಸತತವಾಗಿ ಹದಿನೈದು ನಿಮಿಷ ನಡೆಯುವ ಕಂಪ್ಯೂಟರ್ ಇರಲಿಲ್ಲ. ಹದಿನಾಲ್ಕು ನಿಮಿಷ ನಡೆಯುವುದು ಇತ್ತು.

ಮೇ 3ರ ಸೋಮವಾರ ಸದರಿ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಯ ಮೇಲೆ ಚಿತ್ರ ಮೂಡಿಸುವ ತಂತ್ರಾಂಶ, ಯಾರನ್ನೂ ಕೇಳದೆ ತಾನಾಗಿಯೇ ಬಂದು ಸೇರಿಕೊಂಡಿತು. ಅಂದಿನಿಂದ ಹದಿನಾಲ್ಕನೇ ನಿಮಿಷಕ್ಕೆ ಸರಿಯಾಗಿ ಪರದೆ ಕಪ್ಪಾಗಿ, ಕಂಪ್ಯೂಟರ್ ಮೊದಲಿನಿಂದ ಶುರುವಾಗುತ್ತಿರುವುದು ಗಮನಕ್ಕೆ ಬಂದಿದೆ. ಟುಸ್‌ಹೋಲ್ಮೆನ್ ದ್ವೀಪದ ದೋಣಿಕಟ್ಟೆಯ ನಕಾಶೆ ಸಿದ್ಧವಾಗಿದ್ದು, ಅದನ್ನು ಇದೇ ಕಂಪ್ಯೂಟರಿನಿಂದ ಮೇ 14ರೊಳಗೆ ಜಿಲ್ಲಾ ಕಚೇರಿಗೆ ಕಳುಹಿಸಬೇಕಾಗಿತ್ತು. ಕಳುಹಿಸಲು ಹದಿನೈದು ನಿಮಿಷ ಹಿಡಿಯುತ್ತದೆ. ತಪ್ಪಿದಲ್ಲಿ ಜೂನ್ 1ರಿಂದ ಪ್ರಯಾಣಿಕರ ದೋಣಿ ಆ ದ್ವೀಪದಲ್ಲಿ ನಿಲ್ಲುವುದಿಲ್ಲವೆಂದು ಜಿಲ್ಲಾ ಕಚೇರಿ ತಿಳಿಸಿತ್ತು. ದ್ವೀಪದಲ್ಲಿ ಹನ್ನೊಂದು ಜನರಿದ್ದು, ಅವರಲ್ಲಿ ಸಿಗ್ರಿಡ್ ವೆಸ್ಟಿನ್ ಒಬ್ಬರು. ಅವರು ಕಚೇರಿಗೆ ಬರುತ್ತಿದ್ದುದು ಅದೇ ದೋಣಿಯಲ್ಲಿ.

ಈ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ವಿಭಾಗದ ಒಂಬತ್ತೂ ನೌಕರರಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಪರದೆ ಕಪ್ಪಾದಾಗ ಯಾರೂ ಕೂಗತಕ್ಕದ್ದಲ್ಲ. ಹತಾಶೆಯನ್ನು ಘಟನಾ ವಹಿಯಲ್ಲಿ ದಾಖಲಿಸತಕ್ಕದ್ದು. ಮೇ 4ರ ನಮೂದನ್ನು ಮಾದರಿಗಾಗಿ ನೀಡಲಾಗಿದೆ: “ಹೋಯ್ತು. ಮತ್ತೆ ಹೋಯ್ತು. ಇನ್ನೊಂದ್ಸಲ ಹೋದ್ರೆ ಈ ದರಿದ್ರ ಪೆಟ್ಟಿಗೇನ ಎತ್ಕೊಂಡ್ ಹೋಗಿ ಸಮುದ್ರಕ್ಕೆ ಎಸೀತೀನಿ. ಸಿಗ್ರಿಡ್.” ಸಮುದ್ರಕ್ಕೆ ಎಸೆಯುವ ಮುನ್ನ ಪರಿಸರ ವಿಭಾಗದ ಲಿಖಿತ ಅನುಮತಿ ಪಡೆಯತಕ್ಕದ್ದು.

2. ಕಂಪ್ಯೂಟರ್ ಮರಳಿ ಶುರುವಾದ ಮೇಲೆ ಅದನ್ನು ಬಳಸಬಯಸುವವರು ಬಾಗಿಲ ಬಳಿಯ ಯಂತ್ರದಿಂದ ಸರದಿ ಚೀಟಿ ತೆಗೆದುಕೊಳ್ಳತಕ್ಕದ್ದು. ಕೋಣೆಯಲ್ಲಿ ಒಬ್ಬರೇ ಇದ್ದರೂ ಈ ನಿಯಮ ಅನ್ವಯಿಸುತ್ತದೆ. ಸಂಖ್ಯೆ ಬದಲಿಸುವ ಗುಂಡಿ ಕೌಂಟರಿನ ಒಳಗಡೆ ಇರುವುದರಿಂದ, ಒಬ್ಬರೇ ಇರುವವರು ಒಳಗೆ ಹೋಗಿ ತಮ್ಮನ್ನು ತಾವೇ ಕರೆದು, ಹೊರಗೆ ಬಂದು ಹಾಜರಾಗತಕ್ಕದ್ದು. ಕರೆದಾಗ ಹಾಜರಿಲ್ಲದವರ ಸರದಿ ರದ್ದಾಗುತ್ತದೆ.

3. ಪರದೆ ಕಪ್ಪಾದಾಗ ಕೋಣೆಯ ಬೆಳಕು ಕಡಿಮೆಯಾಗಿ ನೌಕರರು ಪರಸ್ಪರ ಢಿಕ್ಕಿ ಹೊಡೆಯುವ ಸಂಭವವಿದೆಯೆಂದು ಸುರಕ್ಷತಾ ಪ್ರತಿನಿಧಿ ಬೆಂಗ್ಟ್-ಓಲೋಫ್ ರೂಂಡ್ ವರದಿ ಸಲ್ಲಿಸಿದ್ದಾರೆ. ಆದ್ದರಿಂದ ಕಂಪ್ಯೂಟರಿನ ಸುತ್ತ ಎರಡು ಮೀಟರ್ ವ್ಯಾಪ್ತಿಯಲ್ಲಿ ಎಲ್ಲರೂ ಹೊಳೆಯುವ ಹಳದಿ ಜಾಕೀಟು ಧರಿಸತಕ್ಕದ್ದು. ಈ ಉತ್ತರದ ದ್ವೀಪಗಳಲ್ಲಿ ಮೇ ತಿಂಗಳಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ ಎಂಬ ಆಕ್ಷೇಪಣೆಯನ್ನು ಡಿಸೆಂಬರಿನಲ್ಲಿ ಪರಿಗಣಿಸಲಾಗುವುದು.

4. ಕಂಪ್ಯೂಟರಿಗೆ ಹೆಸರಿಲ್ಲದ ಸಿಟ್ಟಿನ ಚೀಟಿ ಅಂಟಿಸುವುದು ನೌಕರರ ಹಕ್ಕಾಗಿದ್ದು, ಅದನ್ನು ಮೊಟಕುಗೊಳಿಸುವ ಉದ್ದೇಶ ವಿಭಾಗಕ್ಕಿಲ್ಲ. ಆದರೆ ಪ್ರತಿ ಚೀಟಿಯ ಕೊನೆಯಲ್ಲಿ “ಪ್ರೀತಿಯಿಂದ” ಎಂದು ಬರೆಯುವುದು ಕಡ್ಡಾಯ. ಪ್ರಸ್ತುತ ಮೂವತ್ತೊಂದು ಚೀಟಿಗಳಿದ್ದು ಪರದೆ ಪೂರ್ತಿ ಮುಚ್ಚಿಹೋಗಿದೆ. ಪರದೆ ಕಪ್ಪಾಗುತ್ತಿದೆ ಎಂಬ ದೂರುಗಳು ಇದರಿಂದ ಶೇಕಡ ಎಂಬತ್ತರಷ್ಟು ಇಳಿದಿವೆ.

5. ನಕಾಶೆಯನ್ನು ಪೆನ್‌ಡ್ರೈವಿಗೆ ಹಾಕಿ ಬೇರೆ ಕಂಪ್ಯೂಟರಿನಿಂದ ಕಳುಹಿಸುವುದನ್ನು ನಿಷೇಧಿಸಲಾಗಿದೆ. ವಿಭಾಗದ ಏಕೈಕ ಪೆನ್‌ಡ್ರೈವಿನಲ್ಲಿ ಹತ್ತು ವರ್ಷದ ಹಿಂದಿನ ಆಗಸ್ಟ್ ಔತಣದ ಫೋಟೋಗಳಿವೆ. ಅವನ್ನು ಅಳಿಸಲು ಫೋಟೋದಲ್ಲಿರುವ ಎಲ್ಲರ ಒಪ್ಪಿಗೆ ಬೇಕು. ಒಬ್ಬರ ಮುಖವನ್ನು ಕಾಗದದ ಟೋಪಿ ಮುಚ್ಚಿದ್ದು, ಅವರು ಯಾರೆಂದು ವಿಚಾರಣೆ ಮುಂದುವರಿದಿದೆ.

6. ಹೊಸ ಡ್ರೈವರ್ ತೆಗೆದು ಹಳೆಯದನ್ನು ಹಾಕಿದರೆ ಕಂಪ್ಯೂಟರ್ ಸರಿಹೋಗುತ್ತದೆಂದು ಕಂಪ್ಯೂಟರ್ ನೋಡಿಕೊಳ್ಳುವ ತೂರೆ ಹಾಲ್‌ಬೆರಿ ಮೇ 3ರಂದೇ ವಹಿಯಲ್ಲಿ ಬರೆದಿದ್ದಾರೆ: “ಹತ್ತು ನಿಮಿಷದ ಕೆಲ್ಸ. ಹಾಕ್ಲಾ?” ಈ ಬಗ್ಗೆ ಸ್ಪಷ್ಟೀಕರಣ:

ಅ) ಎಲ್ಲರೂ ಬಳಸುವ ಯಂತ್ರದಲ್ಲಿ ಬದಲಾವಣೆ ಮಾಡಲು ಒಂಬತ್ತೂ ನೌಕರರ ಸರ್ವಸಮ್ಮತಿ ಬೇಕು. ಎಂಟು ಜನ ಒಪ್ಪಿ ಒಬ್ಬರು ಸುಮ್ಮನಿದ್ದರೆ ಅದು ಸಮ್ಮತಿಯಲ್ಲ, ಒರಟುತನ.

ಆ) ಒಂಬತ್ತೂ ಜನ ಒಟ್ಟಿಗೆ ಸೇರುವುದು ಬೆಳಿಗ್ಗೆ ಒಂಬತ್ತೂವರೆ ಮತ್ತು ಮಧ್ಯಾಹ್ನ ಎರಡೂವರೆಯ ಕಾಫಿ ವಿರಾಮದಲ್ಲಿ ಮಾತ್ರ.

ಇ) ಕಾಫಿ ವಿರಾಮದಲ್ಲಿ ಕೆಲಸದ ಮಾತೆತ್ತುವಂತಿಲ್ಲ.

ಈ) ಮೇ 5ರ ವಿರಾಮದಲ್ಲಿ ತೂರೆ ಹಾಲ್‌ಬೆರಿ “ಅಲ್ಲ, ಆ ಡ್ರೈವರ್ ವಿಷ್ಯ...” ಎಂದು ಬಾಯಿ ತೆರೆದಿದ್ದು, ಉಳಿದ ಎಂಟೂ ಜನ ತಮ್ಮ ತಮ್ಮ ಲೋಟದೊಳಗೆ ನೋಡಿಕೊಂಡಿದ್ದಾರೆ. “ಹವಾ ಚೆನ್ನಾಗಿದೆ ಅಲ್ವಾ?” ಎಂದು ಬೆಂಗ್ಟ್-ಓಲೋಫ್ ಪರಿಸ್ಥಿತಿಯನ್ನು ಹತೋಟಿಗೆ ತಂದಿದ್ದಾರೆ. ದಂಡನೆಯಾಗಿ, ಮುಂದಿನ ವಾರ ಕೇಕ್ ತರುವಂತೆ ತೂರೆ ಅವರಿಗೆ ಆದೇಶಿಸಲಾಯಿತು.

7. ಮೇ 12ರ ಬುಧವಾರ ಎರಡೂವರೆಗೆ ಸದರಿ ಕೇಕ್ ಹಾಜರುಪಡಿಸಲಾಯಿತು. ಅದರ ಮೇಲೆ ಕೆನೆಯಲ್ಲಿ “ಹಳೇ ಡ್ರೈವರ್ ಹಾಕ್ಲಾ? ತಿಂದೋರು ಒಪ್ಪಿದ ಹಾಗೆ” ಎಂದು ಬರೆದಿದ್ದುದು ಕಂಡುಬಂದಿದೆ. ಬರೆದದ್ದು ಮಾತಲ್ಲವಾದ್ದರಿಂದ ನಿಯಮ ಉಲ್ಲಂಘನೆಯಾಗಿಲ್ಲವೆಂದು ಪರಿಗಣಿಸಿ, ಒಂಬತ್ತು ತುಂಡು ಮಾಡಿ ಎಂಟು ಜನ ತಿಂದರು. ಹನ್ನೊಂದನೇ ಬಾರಿ ನಕಾಶೆ ಕಳುಹಿಸಲು ಹೋಗಿ, ಹನ್ನೊಂದನೇ ಬಾರಿ ವಿಫಲರಾಗಿ, ಹಳದಿ ಜಾಕೀಟಿನಲ್ಲಿಯೇ ಸಿಗ್ರಿಡ್ ವೆಸ್ಟಿನ್ ತಡವಾಗಿ ಬಂದರು. ತಟ್ಟೆಯಲ್ಲಿ, ಮರ್ಯಾದಸ್ಥರು ಯಾರೂ ಮುಟ್ಟದ ಕೊನೆಯ ತುಂಡು ಉಳಿದಿತ್ತು. ಮುಂದಿನದನ್ನು ವಹಿಯಿಂದ ಇದ್ದಂತೆ ಉದ್ಧರಿಸಲಾಗಿದೆ:

“ತೂರೆ: ತಿನ್ನು ಸಿಗ್ರಿಡ್.
ಸಿಗ್ರಿಡ್: ಕೊನೇ ತುಂಡು ಕಣೋ.
ತೂರೆ: ನಿಂದೇ ಅದು. ನಿಂಗೇ ಅಂತ ಇಟ್ಟಿರೋದು.
ಸಿಗ್ರಿಡ್: ಕೊನೇ ತುಂಡಿಗೆ ಕೈ ಹಾಕಿ ನಾಳೆ ಇವ್ರಿಗೆಲ್ಲಾ ಹೆಂಗೆ ಮುಖ ತೋರಿಸ್ಲಿ?
ತೂರೆ: ಮಾರಾಯ್ತಿ, ದೋಣಿ ಹೋಗುತ್ತೆ! ತಿನ್ನೇ!
ಸಿಗ್ರಿಡ್: ಅರ್ಧ ತಗೋತೀನಿ.”

ಅವರು ಅರ್ಧ ತೆಗೆದುಕೊಂಡರು. ಉಳಿದ ಅರ್ಧ ಈಗ ಕೊನೆಯ ತುಂಡಾಯಿತು. ಅದರಲ್ಲಿ ಅರ್ಧ ತೆಗೆದುಕೊಂಡರು. ನಾಲ್ಕು ಗಂಟೆಗೆ ಕಚೇರಿ ಮುಚ್ಚುವವರೆಗೂ ಈ ಪ್ರಕ್ರಿಯೆ ನಡೆದು, ಬಟಾಣಿ ಕಾಳಿನಷ್ಟು ಕೇಕ್ ಬಾಕಿ ಉಳಿಯಿತು. ಹೀಗಾಗಿ ಸರ್ವಸಮ್ಮತಿ ಕೂದಲೆಳೆಯಷ್ಟರಲ್ಲಿ ತಪ್ಪಿದೆಯೆಂದು ಈ ಮೂಲಕ ಘೋಷಿಸಲಾಗಿದೆ. ಬಾಕಿ ಕೇಕನ್ನು ಮುದ್ರೆ ಹಾಕಿ ಫ್ರಿಜ್ಜಿನ ಮಧ್ಯದ ಖಾನೆಯಲ್ಲಿ ಇರಿಸಲಾಗಿದೆ. ಅದನ್ನು ಯಾರೂ ಮುಟ್ಟತಕ್ಕದ್ದಲ್ಲ.

8. ಮೇ 13 ಹಬ್ಬದ ಗುರುವಾರ. ಮೇ 14 ಹಬ್ಬಕ್ಕೂ ವಾರಾಂತ್ಯಕ್ಕೂ ನಡುವೆ ಸಿಕ್ಕಿಕೊಂಡ ಶುಕ್ರವಾರವಾಗಿದ್ದು, ಎಂದಿನಂತೆ ಎಲ್ಲರೂ ರಜೆಯಲ್ಲಿದ್ದರು. ಅಂದೇ ಗಡುವು ಮುಗಿಯಿತೆಂಬ ಸಂಗತಿಯನ್ನು ಸೋಮವಾರ ವಿಷಾದದಿಂದ ಗಮನಿಸಲಾಯಿತು.

9. ಜೂನ್ 1ರಿಂದ ಟುಸ್‌ಹೋಲ್ಮೆನ್‌ನಲ್ಲಿ ದೋಣಿ ನಿಲ್ಲುತ್ತಿಲ್ಲ. ಅಂದಿನಿಂದ ಸಿಗ್ರಿಡ್ ವೆಸ್ಟಿನ್ ಕಚೇರಿಗೆ ಹಾಜರಾಗಿಲ್ಲ. ಅವರು ಕಚೇರಿಗೆ ಬಂದು ಉಳಿದ ಕೇಕ್ ತಿಂದ ಕ್ಷಣವೇ ಹಳೆಯ ಡ್ರೈವರ್ ಹಾಕಲಾಗುವುದು. ಕೇಕನ್ನೇ ಅವರಲ್ಲಿಗೆ ದೋಣಿಯಲ್ಲಿ ಕಳುಹಿಸುವ ಪ್ರಸ್ತಾವವನ್ನು, ದೋಣಿ ಅಲ್ಲಿ ನಿಲ್ಲದ ಕಾರಣ, ಕೈಬಿಡಲಾಗಿದೆ. ಸಣ್ಣ ದೋಣಿಯಲ್ಲಿ ತಾವೇ ಹುಟ್ಟು ಹಾಕಿಕೊಂಡು ಕೊಂಡೊಯ್ಯುವುದಾಗಿ ತೂರೆ ಹಾಲ್‌ಬೆರಿ ಸಲ್ಲಿಸಿರುವ ಅರ್ಜಿ ಸರ್ವಸಮ್ಮತಿಗಾಗಿ ಕಾದಿದೆ. ಸಹಿ ಬಾಕಿ ಇರುವುದು ಸಿಗ್ರಿಡ್ ವೆಸ್ಟಿನ್ ಅವರದು ಮಾತ್ರ.

10. ಜೂನ್ 1ರಿಂದ ಇಂದಿನವರೆಗೆ ಸದರಿ ಕಂಪ್ಯೂಟರನ್ನು ಯಾರೂ ಬಳಸಿಲ್ಲ, ಅದು ಒಮ್ಮೆಯೂ ಕೆಟ್ಟಿಲ್ಲ. ಆದ್ದರಿಂದ ಸಮಸ್ಯೆ ಬಗೆಹರಿದಿದೆ ಎಂದು ಪರಿಗಣಿಸಿ, ಕಡತವನ್ನು ಮುಕ್ತಾಯಗೊಳಿಸಲಾಗಿದೆ. ಜಾಕೀಟುಗಳನ್ನು ಮುಂದಿನ ಆದೇಶದವರೆಗೆ ಧರಿಸತಕ್ಕದ್ದು.

(ಸಹಿ)
ಇಂಗೆಲಾ ಬ್ಯೂರ್‌ಸ್ಟ್ರಾಂಡ್
ವಿಭಾಗದ ಮುಖ್ಯಸ್ಥೆ
(ಎಂಟು ಜನರ ಪೂರ್ಣ ಹಾಗೂ ಒಬ್ಬರ ಬಹುಪಾಲು ಒಪ್ಪಿಗೆಯೊಂದಿಗೆ)

ಪ್ರತಿಗಳು:
1. ಜಿಲ್ಲಾ ಕಚೇರಿಗೆ, ಹದಿನಾಲ್ಕು ನಿಮಿಷದೊಳಗೆ ಹೋಗುವಷ್ಟು ಮಾತ್ರ.
2. ಬೆಂಗ್ಟ್-ಓಲೋಫ್ ರೂಂಡ್ ಅವರಿಗೆ, ಹೊಳೆಯುವ ಕಾಗದದಲ್ಲಿ.
3. ತೂರೆ ಹಾಲ್‌ಬೆರಿ ಅವರಿಗೆ, ಕಾಫಿ ವಿರಾಮದಲ್ಲಿ ಓದಬಾರದೆಂಬ ಸೂಚನೆಯೊಂದಿಗೆ.
4. ಟುಸ್‌ಹೋಲ್ಮೆನ್ ನಿವಾಸಿಗಳಿಗೆ, ಹಾದುಹೋಗುವ ದೋಣಿಯ ಮೇಲಿನಿಂದ ಎತ್ತಿ ಹಿಡಿದು ತೋರಿಸುವ ಸಲುವಾಗಿ.
5. ಫ್ರಿಜ್ಜಿನ ಬಾಗಿಲಿಗೆ.
6. ಕಚೇರಿ ಕಡತಕ್ಕೆ, ನಷ್ಟದ ವಿವರ ಸಹಿತ: ನಿಮಿಷ ಒಂದು, ದೋಣಿ ನಿಲ್ದಾಣ ಒಂದು, ನಕಾಶೆಗಾರ್ತಿ ಒಬ್ಬರು.