ಮೂರನೇ ಅಂಕಣದ ಬಸ್ಸು

ಕಾಯಿಲೆಯಿಂದ ಎದ್ದವನಿಗೆ ಕಾಯಿಲೆಯೇ ಚೆನ್ನಾಗಿತ್ತು ಅನ್ನಿಸಬೇಕಾದರೆ ಎರಡು ಅನುಕೂಲ ಬೇಕು: ಕರುಣೆಯುಳ್ಳ ಸಾಹೇಬ, ಕೆಲಸ ಹಚ್ಚುವ ಹೆಂಡತಿ. ನಮ್ಮ ಕಂಚಿನಕಂಠನಿಗೆ ಎರಡೂ ಇದ್ದವು.

ಯಾವ ಬಸ್ಸು ಎಲ್ಲಿಗೆ, ಯಾವ ಅಂಕಣದಿಂದ ಎಂದು ನಿಲ್ದಾಣದ ಮೈಕಿನಲ್ಲಿ ಕೂಗುವುದು ಅವನ ಕಸುಬು. ದನಿಯೋ, ಗುಡುಗಿಗೆ ಜರಿ ಅಂಚು ಹಾಕಿದ ಹಾಗೆ. ಕಂಚಿನಕಂಠ ಎಂಬ ಹೆಸರು ಜನ ಇಟ್ಟದ್ದು. (ಮನೆಯ ಹೊಸ್ತಿಲು ದಾಟಿದರೆ ಆ ಕಂಚಿಗೆ ಕಿಲುಬು ಹಿಡಿಯುತ್ತಿತ್ತು ಅನ್ನುವುದು ಬೇರೆ ಮಾತು.) ಕೂಗುವ ಕೋಣೆ ಮಹಡಿಯ ಮೇಲೆ. ಒಂದು ದಿನ ಅದರ ಮೆಟ್ಟಿಲಲ್ಲಿ ಜಾರಿ, ತನ್ನ ಆಗಮನವನ್ನು ತಾನೇ ಸಾರುತ್ತಾ ಕೆಳಗೆ ಬಂದು ಬಿದ್ದ. ಕಾಲಿಗೆ ಸರಳು ಹಾಕಿದರು. ಕಾಯಿಲೆ ರಜೆ ಶುರುವಾಯಿತು.

ರಜೆ ಮುಗಿದರೂ ಕಾಲು ಮೆಟ್ಟಿಲು ಏರಲು ಒಪ್ಪಲಿಲ್ಲ. ನಿಲ್ದಾಣದ ಮೇಲ್ವಿಚಾರಕ ಒಳ್ಳೆಯ ಮನುಷ್ಯ. ಕಂಪ್ಯೂಟರು, ಮೈಕು ಎರಡನ್ನೂ ಮನೆಗೇ ಕಳಿಸಿದ.

"ಅಣ್ಣಾ, ಬಸ್ಸೆಲ್ಲಾ ಪರದೆ ಮೇಲೆ ಕಾಣುತ್ತೆ. ಮನೆಯಿಂದ್ಲೇ ಕೂಗಿ. ಕಾಲು ಸರಿಯಾದ್ಮೇಲೆ ಮೆಲ್ಲಗೆ ಬನ್ನಿ," ಅಂದ. ಆಮೇಲೆ ದನಿ ತಗ್ಗಿಸಿದ. "ಎಡವಟ್ಟು ಮಾತ್ರ ಆಗ್ಬಾರ್ದು. ನಿಮ್ಮ ಜಾಗಕ್ಕೆ ಕೂಗೋ ಯಂತ್ರ ತರೋಕೆ ಮೇಲಿನೋರು ತುದಿಗಾಲಲ್ಲಿ ನಿಂತಿದ್ದಾರೆ."

ಕಂಚಿನಕಂಠನಿಗೆ ಬೇರೆ ಕೆಲಸ ಬಾರದು. ಯಂತ್ರ ಬಂದರೆ ಅವನ ಗಂಟಲು ಬರೀ ಅನ್ನ ಇಳಿಯುವ ಕೊಳವೆಯಾಗಿ ಉಳಿಯುತ್ತಿತ್ತು, ಇಳಿಯಲು ಅನ್ನವಿದ್ದರೆ!

ತಂತಿ ಎಟುಕಿದ್ದು ಅಡುಗೆಮನೆಯ ಮೇಜಿಗೆ ಮಾತ್ರ. ಮೈಕಿನ ಪಟ್ಟಾಭಿಷೇಕ ಅಲ್ಲಿಯೇ ಆಯಿತು. ಹೆಂಡತಿಯ ಮುಖ ಅರಳಿತು.

"ರೀ, ಹೇಗೂ ಇಲ್ಲೇ ಕೂತಿರ್ತೀರಲ್ಲ, ಕುಕ್ಕರ್ ನೋಡ್ಕೊಳ್ಳಿ. ನಾನು ಬಟ್ಟೆ ಹರವಿ ಬರ್ತೀನಿ."

"ಲೇ, ನಾನು ಕೆಲಸದಲ್ಲಿದ್ದೀನಿ ಕಣೇ!"

"ನೀವು ದುಡಿಯೋದು ಬಾಯಲ್ಲಿ ತಾನೆ? ಕಿವಿ ಸುಮ್ಮನೆ ಬಿದ್ದಿದೆಯಲ್ಲ. ಮೂರು ಕೂಗಿಗೆ ಇಳಿಸಿ. ಆಲೂಗಡ್ಡೆ ಸೀದ್ರೆ ಅದೇ ನಿಮಗೆ ಊಟ."

ಅವಳು ಹಿತ್ತಲಿಗೆ ಹೋದಳು. ಪರದೆಯ ಮೇಲೆ ಬಸ್ಸು ಮೂಡಿತು. ಅವನು ಗುಂಡಿ ಒತ್ತಿ, ಕಣ್ಣು ಮುಚ್ಚಿ, ರಾಗ ತೆಗೆದ.

"ಪ್ರಯಾಣಿಕರ ಗಮನಕ್ಕೆ! ಮೂರನೇ ಅಂಕಣದಲ್ಲಿ ನಿಂತಿರುವ ಬಸ್ಸು..."

ಕುಕ್ಕರ್ ಕೂಗಿತು. ತನ್ನ ಕೂಗಿನ ಮುಂದೆ ಅದರ ಕೂಗನ್ನು ಅವನು ಎಣಿಸಿರಲೇ ಇಲ್ಲ. ಎಣಿಸಿದವಳು ಕಿಟಕಿಯಾಚೆ ಇದ್ದಳು.

"ಮೂರಾಯ್ತು! ಇಳಿಸ್ರೀ! ಏನ್ ಮುಖ ನೋಡ್ತಿದ್ದೀರಿ, ಬೇಗ ಇಳಿಸ್ರೀ!"

ಗಾಬರಿಗೆ ಅವನ ಹೆಬ್ಬೆರಳು ಗುಂಡಿಗೆ ಅಂಟಿಕೊಂಡಿತು. ಅತ್ತ ನಿಲ್ದಾಣದಲ್ಲಿ ಮೂರನೇ ಅಂಕಣದ ಕಂಡಕ್ಟರ್ ಬಸ್ಸಿಗೆ ಬೆಂಕಿಯೇ ಬಿತ್ತೆಂದು ಹೆದರಿ, ಮುದುಕಿಯರನ್ನೂ ಮೂಟೆಗಳನ್ನೂ ಗೊರಕೆ ಹೊಡೆಯುತ್ತಿದ್ದ ದಢೂತಿಯೊಬ್ಬನನ್ನೂ ಒಂದೇ ಉಸಿರಿಗೆ ಇಳಿಸಿಬಿಟ್ಟ. ಇತ್ತ ಹೆಂಡತಿ ಒಳಗೆ ಓಡಿಬಂದು ಮೈಕಿನ ಪಕ್ಕದಲ್ಲೇ ಬಾಯಿ ಬಡಿದುಕೊಂಡಳು.

"ಅಯ್ಯೋ, ಹತ್ತಿತು! ತಳ ಹತ್ತಿತು!"

"ಹತ್ತಿ" ಎಂದು ಕೇಳಿಸಿಕೊಂಡ ಅರ್ಧ ಜನ ಮತ್ತೆ ಬಸ್ಸು ಹತ್ತಿದರು. "ಹತ್ತು" ಎಂದು ಕೇಳಿಸಿಕೊಂಡ ಉಳಿದವರು ಗಂಟುಮೂಟೆ ಹೊತ್ತು ಹತ್ತನೇ ಅಂಕಣಕ್ಕೆ ಓಡಿದರು. (ಅಲ್ಲಿದ್ದ ಬಸ್ಸು ಹೋಗುವುದು ತದ್ವಿರುದ್ಧ ದಿಕ್ಕಿಗೆ.)

ಫೋನು ಬಡಿದುಕೊಂಡಿತು. ಮೇಲ್ವಿಚಾರಕ ಅಳುವುದೊಂದು ಬಾಕಿ; ಅವನ ಅರಚಾಟ ಹೆಂಡತಿಗೂ ಕೇಳಿಸುತ್ತಿತ್ತು. "ಏನ್ ಮಾಡ್ಬಿಟ್ರಿ ಅಣ್ಣಾ! ಮೂರನೇ ಅಂಕಣದೋರಲ್ಲಿ ಅರ್ಧ ಜನ ಹತ್ತಕ್ಕೆ ಓಡಿದ್ರು! ಗಂಡ ಒಂದು ಬಸ್ಸಲ್ಲಿ, ಹೆಂಡ್ತಿ ಒಂದು ಬಸ್ಸಲ್ಲಿ! ಮೇಲಿನೋರು ನನ್ನೆದುರೇ ಕೂತಿದ್ದಾರೆ!"

ಕಂಚಿನಕಂಠ ಫೋನು ಕೆಳಗಿಟ್ಟ. ತಲೆಯ ಮೇಲೆ ಕೈ ಹೊತ್ತು ಕೂತ.

"ಮುಗೀತು ಕಣೇ. ನನ್ನ ಅನ್ನಕ್ಕೆ ಕಲ್ಲು ಬಿತ್ತು."

"ಆ ಕಡೆ ಸರೀರಿ," ಎಂದು ಹೆಂಡತಿ ಸೆರಗು ಬಿಗಿದು ಮೈಕು ಎಳೆದುಕೊಂಡಳು. "ಏಯ್, ಹತ್ತಕ್ಕೆ ಹೋದೋರೆಲ್ಲ ಮೂರಕ್ಕೆ ವಾಪಸ್ ಬನ್ನಿ! ಮಕ್ಕಳ ಕೈ ಹಿಡ್ಕೊಳ್ಳಿ. ಕಂಡಕ್ಟರಪ್ಪಾ, ತಲೆ ಎಣಿಸ್ಕೊಂಡು ಹತ್ತಿಸು. ಡ್ರೈವರಪ್ಪಾ, ಟೀ ಲೋಟ ಕೆಳಗಿಡು, ನನಗೆ ಕಾಣಲ್ಲ ಅಂದ್ಕೊಂಡ್ಯಾ?"

ಅವಳಿಗೆ ಕಂಡದ್ದು ಬರೀ ಸೀದ ಆಲೂಗಡ್ಡೆ. ಆದರೆ ನಿಲ್ದಾಣದ ಡ್ರೈವರುಗಳೆಲ್ಲ ಒಟ್ಟಿಗೆ ಲೋಟ ಕೆಳಗಿಟ್ಟರಂತೆ. ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಟವಂತೆ. ಆ ನಿಲ್ದಾಣ ಅಂಥದ್ದನ್ನು ಕಂಡೇ ಇರಲಿಲ್ಲ.

ಸಂಜೆ ಮತ್ತೆ ಫೋನು. "ಅಣ್ಣಾ, ಯಂತ್ರದ ಮಾತು ರದ್ದು!"

"ನಿನ್ನ ಬಾಯಿಗೆ ಸಕ್ಕರೆ ಹಾಕ!" ಕಂಚಿನಕಂಠನ ಕಣ್ಣು ತುಂಬಿ ಬಂತು.

"ಆದ್ರೆ ನೀವಿನ್ನೂ ಗುಣವಾಗಿಲ್ಲ, ರಜೆ ಮುಂದುವರಿಸ್ಲಿ ಅಂತ ಮೇಲಿನೋರ ಅಪ್ಪಣೆ. ಅಲ್ಲೀವರ್ಗೂ ಅತ್ತಿಗೆನೇ ಕೂಗ್ಲಿ ಅಂತೆ."

"ಎಲ್ಲೀವರ್ಗೂ?"

"ಕಾಲಿಗೆ ಏನು ಅವಸರ ಅಣ್ಣಾ?"

ಮರುದಿನ ಹೆಂಡತಿ ಮೈಕಿನ ಮುಂದೆ ಕೂತಳು. ಕಂಚಿನಕಂಠ ಊರುಗೋಲಿಗೆ ಒರಗಿ, ಹೊಟ್ಟೆಯಾಳದಿಂದ ಒಂದು ನಿಟ್ಟುಸಿರು ಬಿಟ್ಟ. ಅವಳು ಮೈಕಿಗೆ ಅಂಗೈ ಮುಚ್ಚಿ ತಿರುಗಿದಳು.

"ರೀ, ನಿಟ್ಟುಸಿರು ಬಿಡೋದಾದ್ರೆ ಹಿತ್ತಲಿಗೆ ಹೋಗಿ ಬಿಡಿ. ಇಲ್ಲಿ ಬಿಟ್ರೆ ಜನ ಬಸ್ಸು ಪಂಕ್ಚರ್ ಆಯ್ತು ಅಂದ್ಕೋತಾರೆ."